ಏಳನೇ ನಂಬರ್

ಜಮಖಂಡಿಯ ಹಳೇ ಓಣಿಯೊಳಗೆ
ನನ್ನ ಶಾಕಂಬರಿ ಗ್ರಾಫಿಕ್ಸಿನ ಮೇಜು.
ಉಳಿದ ಮದುವೆ ಕಾರ್ಡುಗಳ ಬೆನ್ನಿನ ಮೇಲೆ
ಪೇಂಟರ್ ಮೋದಿನಸಾಬರು ಬರೆದರು,
ಅ ದಿಂದ ಳ ತನಕ,
ಮೂರು ಮಧ್ಯಾಹ್ನ, ಹನ್ನೊಂದು ಕಪ್ಪು ಚಹಾ.

ಪಟ್ಟಿಯಿಲ್ಲ, ದಾರ ಹಿಡಿದು ಹೊಡೆದ ಗೆರೆಯಿಲ್ಲ.
ಮೊದಲು ಅಕ್ಷರದ ಹೊಟ್ಟೆ, ಆಮೇಲೆ ತಲೆಕಟ್ಟು.
ಅಷ್ಟರಲ್ಲಿ ಬ್ರಶ್ಶು ಅರ್ಧ ಒಣಗಿ
ತುದಿಯಲ್ಲಿ ಕೂದಲು ಕೂದಲಾಗಿ ಬಿಳಿ ಬಿಡುತ್ತಿತ್ತು.
ಆ ಬಿಳಿಯೇ ನನಗೆ ಬೇಕಾಗಿದ್ದು.
ಕೊಂಬು ಎಳೆದದ್ದು ಎತ್ತಿನ ಕೊಂಬಿನಂತಲ್ಲ,
ಕರು ಕಿವಿ ಅಲ್ಲಾಡಿಸಿದಂತೆ.
ವಟ್ರಸುಳಿಗೆ ಮಾತ್ರ ಉಸಿರು ಹಿಡಿದರು.

ಫಾಂಟಿಗೆ ಹೆಸರೇನಿಡೋಣ ಚಾಚಾ?
ಬ್ರಶ್ಶಿನ ಹಿಡಿಕೆ ತಿರುಗಿಸಿ, ಕಣ್ಣು ಕಿರಿದು ಮಾಡಿ
ಓದಿ ಹೇಳಿದರು: ಏಳನೇ ನಂಬರ್.

ಠ ಬರೆಯುವಾಗ ಹೊರಗೆ
ಕಬ್ಬಿನ ಜೋಡಿ ಟ್ರಾಲಿ ಹಾದುಹೋಗಿತ್ತು.
ಮೇಜು ನಡುಗಿತು, ಕಪ್ಪಿನ ಚಹಾ ನಡುಗಿತು,
ದುಂಡಗಿರಬೇಕಾದ ಎಡ ಮಗ್ಗುಲಿಗೆ
ಮೂರು ಸಣ್ಣ ಅಲೆ ಎದ್ದವು,
ನಡುವಿನ ಚುಕ್ಕೆ ಒಂದಿಷ್ಟು ಸರಿದು ಕೂತಿತು.
ನಾನು ನೋಡಲಿಲ್ಲ.
ಸ್ಕ್ಯಾನರ್ ನೋಡಿತು.

ಬೆಲ್ಲದ ಪೆಟ್ಟಿಗೆಯ ಮೇಲೆ ಅದು ಚಂದ,
ಅಂಟು ಇನ್ನೂ ಹಸಿ ಇದ್ದಂತೆ.
ಖಾನಾವಳಿಗೆ ಚಂದ;
ಜವಾರಿ ಊಟ ಅಂತ ಓದಿದರೆ
ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕು.
ತೊಟ್ಟಿಲ ಕಾರ್ಯದ ಕಾರ್ಡಿಗೆ, ಬ್ಯೂಟಿ ಪಾರ್ಲರಿಗೆ,
ಕುಸ್ತಿಯ ಪೋಸ್ಟರಿಗೂ ನಡೆಯುತ್ತದೆ, ಸ್ವಲ್ಪ ದಪ್ಪ ಮಾಡಿದರೆ.
ಸೊಸೈಟಿಯ ಹರಾಜು ನೋಟೀಸಿಗೆ ಹಾಕಬೇಡಿ ಅಂದೆ.
ಹಾಕಿದರು.
ಮನೆ ಜಪ್ತಿಯ ಸುದ್ದಿಯನ್ನು
ಎಲೆ ಅಡಿಕೆ ಜಗಿಯುತ್ತ ಹೇಳಿದಂತಾಯಿತು.

ಆ ಮೇಲೆ ಶುರುವಾಯಿತು ನೋಡಿ:
ಮಠದ ಕಮಾನಿನ ಮೇಲೆ ನಡುಗುವ ಠ,
ಪಾಠಶಾಲೆಯ ಗೇಟಿನ ಮೇಲೆ,
ಕಂಠೀಹಾರದ ಜಾಹೀರಾತಿನ ಮೇಲೆ,
ಎಲ್ಲ ಕಡೆ ಅದೇ ಮೂರು ಅಲೆ.
ಮುದುಕಗ ಕೈ ನಡಗಾಕತ್ತೈತಿ
ಅಂತ ಚಹಾದಂಗಡಿಯಲ್ಲಿ ಮಾತು.

'ನಡಕ ನಂದಲ್ಲ ಯವ್ವಾ, ಟ್ರಾಲಿದು.
ತಗದು ಬ್ಯಾರೆ ಹಾಕು.'
ಪೇಪರಿನ ಅಂಚಿನ ತುಂಬ ನಲವತ್ತು ಠ ತಂದಿದ್ದರು,
ಎಲ್ಲವೂ ದುಂಡಗೆ,
ಒಂದೂ ಇನ್ನೊಂದರ ಹಾಗಿಲ್ಲ.
ಒಂದನ್ನು ಆರಿಸಿ ಕೂರಿಸಿದೆ.
ಹಳೆಯದು ಅಷ್ಟರಲ್ಲಿ ಪೆನ್‌ಡ್ರೈವಿನಲ್ಲಿ
ಮುಧೋಳ ಮುಟ್ಟಿ, ಅಥಣಿ ದಾಟಿತ್ತು.

ಒಂದು ರಾತ್ರಿ ತಾವೇ ಏಣಿ ಹಾಕಿ
ಮಠದ ಫ್ಲೆಕ್ಸಿನ ಠ ತಿದ್ದಿ ಬಂದರು.
ಮರುದಿನದ ಬಿಸಿಲಿಗೆ ಆಯಿಲ್ ಪೇಂಟು
ಹಪ್ಪಳದಂತೆ ಎದ್ದು ಉದುರಿತು.
ಒಳಗಿತ್ತು ನಡುಕ, ಇದ್ದಂತೆಯೇ.

ಮೊನ್ನೆ ಹುನ್ನೂರಿನ ಏಗಪ್ಪ
ಹೊಸ ಟ್ರಾಲಿ ತಂದು ನಿಲ್ಲಿಸಿದ.
'ವಿಠ್ಠಲ ಅಂತ ಬರೀರಿ', ಮೊಬೈಲು ಮುಂದೆ ಹಿಡಿದು,
'ಇದರಂಗ. ಠ ನಡಗಿರಬೇಕು ಮತ್ತ.
ಮಠದ ಮ್ಯಾಲಿಂದು ನೋಡೇನಿ,
ಜೀವ ಇದ್ದಂಗೈತಿ.'

ಮೇಲೊಂದು ಠ, ಅದರಡಿ ಒತ್ತು.
ಬರೆದರು. ದುಂಡಗೆ ಬಂತು.
ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಮತ್ತೆ ಬರೆದರು.
ದುಂಡಗೆ.
ಐವತ್ತೆರಡು ವರ್ಷ ಪಳಗಿಸಿದ ಕೈ,
ನಡುಗು ಅಂದರೆ ಯಾಕೆ ನಡುಗೀತು?
ಬೇಕಂತಲೇ ಅಲ್ಲಾಡಿಸಿದ್ದನ್ನು
ಏಗಪ್ಪನ ಆರು ವರ್ಷದ ಮಗಳು ಸಹ ಹಿಡಿದಳು:
'ಸುಳ್ಳ ಬರದಾರ.'

ಮೋದಿನಸಾಬರು ಕೆಳಗಿಳಿದು ಬೀಡಿ ಹಚ್ಚಿದರು.
ಅರ್ಧ ಸೇದಿ, ಆರಿಸಿ, ಕಿವಿಗೆ ಸಿಗಿಸಿಕೊಂಡು
ಟ್ರ್ಯಾಕ್ಟರಿಗೆ ಜೋಡಿಸು ಅಂದರು.
ಜೋಡಿಸಿದ.
ಇಂಜಿನ್ ಚಾಲೂ ಮಾಡು.

ತಗಡು ಗುಂಯ್ ಅಂದಿತು.
ಡಬ್ಬಿಯ ಹಳದಿ ಬಣ್ಣದಲ್ಲಿ
ಬಳೆಯೊಳಗೆ ಬಳೆಯಾಗಿ ಅಲೆ.
ಏಳನೇ ನಂಬರ್ ಅದ್ದಿ, ಅಂಚಿಗೆ ಸವರಿ,
'ರೇಸ್ ಒಂದೀಟ ಕಡಿಮಿ ಮಾಡಪಾ' ಅಂದು
ಬ್ರಶ್ಶು ಊರಿದರು.